ಆದಿಲಕ್ಷ್ಮಮ್ಮನವರ ಹಳದಿ ಬಾಗಿಲು

ಅಕ್ಕಾ,

ಗಣಿಯೇ ಮುಚ್ಚಿರುವ ಕೆಜಿಎಫ್‌ನಲ್ಲಿ ಕಲಾವಿದರು ಎಲ್ಲಿರುತ್ತಾರೆ ಎಂದು ಭಾವ ನಕ್ಕಿದ್ದರಲ್ಲ? ಸಿಕ್ಕರು. ಚಾಂಪಿಯನ್ ರೀಫ್ಸ್‌ನ ಹಳೆಯ ಕಾರ್ಮಿಕರ ಸಾಲುಮನೆಗಳಲ್ಲಿ, ಇಲ್ಲಿನವರು 'ಲೈನ್' ಎನ್ನುತ್ತಾರೆ, ಒಂದು ಓಣಿಯ ತುಂಬ ಅವರೇ. ಎದುರುಮನೆಯಲ್ಲಿ ತುತ್ತೂರಿ ಕಲಿಸುತ್ತಾರೆ, ಅಂಗಳದಲ್ಲಿ ನಾಟಕದ ಮುಖವಾಡಗಳು ಒಣಗುತ್ತವೆ. ನನಗೂ ಕೋಣೆ ಸಿಕ್ಕಿತು. ಬಾಗಿಲಿಗೆ ಬಣ್ಣ ಬಳಿಯಲು ಹೋದರೆ ಪಕ್ಕದ ಮನೆಯ ಆದಿಲಕ್ಷ್ಮಮ್ಮ ಬ್ರಷ್ ಕಿತ್ತುಕೊಂಡರು.

"ಇಲ್ಲಿ ಯಾರೂ ತಮ್ ಬಾಗ್ಲಿಗೆ ತಾವೇ ಬಳ್ಕೊಳ್ಳಲ್ಲ ಕಣಮ್ಮ. ಒಸಬ್ರು ಬಂದು ಪಕ್ಕದೋರ್ದು ಬಳೀಬೇಕು."

ಅವರ ಬಾಗಿಲಿಗೆ ಹಳದಿ ಬಳಿದು ನವಿಲು ಬರೆದೆ. ಸಂಜೆಗೆ ಓಣಿಯೆಲ್ಲ ನೋಡಲು ಬಂತು. "ಇನ್ ನೀನು ನಮ್ ಲೈನ್ ಉಡ್ಗಿ" ಎಂದು ಆದಿಲಕ್ಷ್ಮಮ್ಮ ಮುದ್ದೆ, ಸಾರು ಕೊಟ್ಟರು.

ನೀನು ಚಿಂತಿಸುತ್ತಿದ್ದ ನನ್ನ ಕೆಮ್ಮು ವಾಸಿಯಾಗಿದೆ. ನನ್ನ ಬಾಗಿಲು ಮಾತ್ರ ಇನ್ನೂ ಬೋಳು. ಆಚೆ ಪಕ್ಕದ ಕೋಣೆ ಖಾಲಿಯಿದೆ, ಭಾವನನ್ನು ಕಳಿಸು.

ಶಶಿರೇಖ