ಅತ್ತೆಯ ಮಡಿಲಿನ ಕಲ್ಲು

ಮೇ ೧೪, ಗುರುವಾರ

ವ್ಯಾನು ನಿಂತು ಎಷ್ಟೋ ಹೊತ್ತಾಯಿತು, ನನ್ನ ಎಡಗಾಲು ಮಾತ್ರ ಇನ್ನೂ ಕ್ಲಚ್ ತುಳಿಯುತ್ತಲೇ ಇದೆ. ಆದರೂ ಬಂದುಬಿಟ್ಟೆವಲ್ಲ! ಒಲೆ, ಹಾಸಿಗೆ, ಪಾತ್ರೆ ಎಲ್ಲ ಹೊತ್ತ ಈ ಮುದಿ ವ್ಯಾನು ಬೆಟ್ಟದ ನೆತ್ತಿಯ ಮೇಲಿದೆ.

ಹ್ಯಾಂಡ್‌ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲವೆಂದು ಗೊತ್ತಿದ್ದೇ ಹೊರಟದ್ದು. ಬೆಳಿಗ್ಗೆ ಅತ್ತೆ ಅಂಗಳದ ಕಲ್ಲೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಾಗ ನನ್ನ ಗಂಡ ನಕ್ಕಿದ್ದ. "ಅಮ್ಮಾ, ಬೆಟ್ಟದಲ್ಲಿ ಕಲ್ಲಿಗೇನು ಬರವಾ?"

"ಬೇಕಾದಾಗ ಹುಡುಕ್ತಾ ಕೂರೋಕಾಗತ್ತೇನೋ?" ಎಂದಿದ್ದರು ಅತ್ತೆ.

ಆ ಕಡಿದಾದ ತಿರುವು. ಫಸ್ಟ್ ಗೇರಿನಲ್ಲೇ ಏದುಸಿರು ಬಿಡುತ್ತಿದ್ದ ಎಂಜಿನ್ ಅಲ್ಲಿ ಆಫ್ ಆಯಿತು. ಬ್ರೇಕ್ ಒತ್ತಿ ಹಿಡಿದೆ. ಕಾಲು ತೆಗೆದರೆ ವ್ಯಾನು ಹಿಂದಕ್ಕೆ ಜಾರುತ್ತಿತ್ತು, ಹಿಂದೆ ಪ್ರಪಾತ. ಗಂಡ ಕಣ್ಣು ಮುಚ್ಚಿ ಕೂತಿದ್ದ. ಅತ್ತೆ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, "ಈಗ ಹೊರಡಮ್ಮ, ನಾನಿದೀನಿ" ಎಂದು ಕೂಗಿದರು. ಕಾಲು ತೆಗೆದೆ. ವ್ಯಾನು ಕಲ್ಲಿಗೆ ಒರಗಿ ನಿಂತಿತು, ಆಮೇಲೆ ಸ್ಟಾರ್ಟ್ ಮಾಡಿದಾಗ ಗೊಣಗುತ್ತಾ ಹತ್ತಿತು. ಮೇಲೆ ಸಮತಟ್ಟಿನಲ್ಲಿ ಕಾಯುತ್ತಿದ್ದರೆ, ಅತ್ತೆ ಕಲ್ಲನ್ನು ಮಗುವಿನ ಹಾಗೆ ಸೊಂಟಕ್ಕೇರಿಸಿಕೊಂಡು ನಡೆದು ಬಂದರು.

ಈಗ ಅದೇ ಕಲ್ಲು ಚಕ್ರದ ಕೆಳಗಿದೆ. ಗಂಡ ಟಾರ್ಚ್ ಹಿಡಿದು ಎರಡು ಸಲ ಹೋಗಿ ನೋಡಿ ಬಂದ. ಮಲಗುವ ಮುಂಚೆ ಮೆತ್ತಗೆ ಕೇಳಿದ, "ಅಮ್ಮಾ, ನಾಳೆ ಇಳಿಯುವಾಗ್ಲೂ ಅದನ್ನ ಜೊತೇಲೇ ಇಟ್ಕೋತೀಯಲ್ಲ?"

ಅತ್ತೆ ಆ ಕಡೆಗೆ ಹೊರಳಿದರು. "ಯಾಕೋ, ಬೆಟ್ಟದಲ್ಲಿ ಕಲ್ಲಿಗೇನು ಬರವಾ?"

ವ್ಯಾನೇ ಅಲುಗಾಡುವಷ್ಟು ನಕ್ಕೆವು. ನನ್ನ ಕಾಲು ಈಗ ಸುಮ್ಮನಾಗಿದೆ. ಇನ್ನು ನಿದ್ದೆ.