ಹತ್ತನೆಯ ಮಗು

ಗುರುವಾರ, ಶಾಲೆ ಬಿಟ್ಟ ಮೇಲೆ

ನನ್ನ ಮುದ್ದು ತಂಗಿಗೆ, ಅಕ್ಕನ ಅಕ್ಕರೆಯ ನೆನಪುಗಳು.

ಫೋನು ಇರುವಾಗ ಇದೇನು ಕಾಗದ ಎಂದು ಹುಬ್ಬೇರಿಸಬೇಡ. ನಿನ್ನ ದನಿ ಕೇಳಿದರೆ ನಾನು ಮತ್ತೆ ‘ಎಲ್ಲ ಚೆನ್ನಾಗಿದೆ ಕಣೇ’ ಎಂದುಬಿಡುತ್ತೇನೆ. ನಿನ್ನ ಮಾತಿನಮಲ್ಲಿ ಮಗಳು ಹೊಟ್ಟೆ ತುಂಬ ಉಂಡು, ನನ್ನ ಹಾಸಿಗೆಯನ್ನೆಲ್ಲ ತಾನೇ ಆಕ್ರಮಿಸಿ ಮಲಗುತ್ತಾಳೆ. ಅಷ್ಟು ಮಾತ್ರ ನಿಜ.

ಆಸ್ಪತ್ರೆಯಲ್ಲಿ ನಿನಗೆ ರಾತ್ರಿ ಪಾಳಿ ಬಿದ್ದಾಗ, ‘ಮಗು ಈ ವರ್ಷ ನನ್ನ ಹತ್ರಾನೇ ಇರ್ಲಿ, ನಮ್ಮ ಶಾಲೆಗೇ ಸೇರಿಸ್ಕೋತೀನಿ’ ಎಂದೆನಲ್ಲ, ನೀನು ಕಣ್ಣು ತುಂಬಿಕೊಂಡು ನನ್ನ ಕೈ ಹಿಡಿದುಕೊಂಡೆ. ನಾನು ಹಾಗೆಂದದ್ದು ನಿನ್ನ ಕಷ್ಟ ನೋಡಿ ಅಲ್ಲ ಕಣೇ. ಊರಿನವರೆಲ್ಲ ತಮ್ಮ ಮಕ್ಕಳನ್ನು ಟೈ ಕಟ್ಟುವ ಶಾಲೆಗೆ ಸೇರಿಸಿದ್ದರಿಂದ ನಮ್ಮ ಎರಡನೇ ತರಗತಿಯಲ್ಲಿ ಒಂಬತ್ತೇ ಮಕ್ಕಳಿದ್ದರು. ಎಲ್ಲರೂ ಕಟ್ಟಡ ಕೆಲಸಕ್ಕೆಂದು ದೂರದಿಂದ ಬಂದವರ ಮಕ್ಕಳು. ಹತ್ತಾಗದಿದ್ದರೆ ತರಗತಿ ಮುಚ್ಚುತ್ತಾರೆ. ಇವತ್ತು ಒಂದು ತರಗತಿ, ನಾಳೆ ಇಡೀ ಶಾಲೆ. ಮುಖ್ಯೋಪಾಧ್ಯಾಯಿನಿಯಾದ ನನಗೆ ನಿನ್ನ ಮಗಳು ಹತ್ತನೆಯವಳಾಗಿ ಬೇಕಿದ್ದಳು.

ಆ ಮಕ್ಕಳ ಭಾಷೆ ಇವತ್ತಿಗೂ ನನ್ನ ತಲೆಗೆ ಹತ್ತಿಲ್ಲ. ಇವಳೋ ತಿಂಗಳೊಳಗೆ ಅದರಲ್ಲೇ ಜಗಳವಾಡತೊಡಗಿದಳು. ನಾನು ಹೇಳಿದ ಪಾಠವನ್ನು ಅವರ ಮಾತಿನಲ್ಲಿ ತಿರುಗಿಸಿ ಹೇಳುತ್ತಿದ್ದಳು. ನಡುವೆ ನನ್ನ ಮೇಲೊಂದಿಷ್ಟು ಚಾಡಿಯೂ ಇರುತ್ತಿತ್ತೇನೋ, ಎಲ್ಲರೂ ಕಿಸಕ್ಕೆಂದು ನಗುತ್ತಿದ್ದರು. ಅವರಲ್ಲಿ ಮುಂದಿನ ಹಲ್ಲು ಬಿದ್ದ ಹುಡುಗಿಯೊಬ್ಬಳು ಇವಳ ಜೀವದ ಗೆಳತಿ.

ಕಳೆದ ವಾರ ಕಟ್ಟಡ ಮುಗಿಯಿತು. ಪಾತ್ರೆ, ಚಾಪೆ, ಮಕ್ಕಳ ಸಮೇತ ಅವರೆಲ್ಲ ಲಾರಿ ಹತ್ತಿ ಬೇರೆ ಊರಿಗೆ ಹೋದರು. ಸೋಮವಾರದಿಂದ ನಿನ್ನ ಮಗಳು ತರಗತಿಯಲ್ಲಿ ಒಬ್ಬಳೇ. ‘ಎಲ್ರೂ ಎಲ್ಲಿ ದೊಡ್ಡಮ್ಮ?’ ಎಂದು ಕೇಳಿದಳು. ಜ್ವರ ಬಂದಿದೆ, ವಾಸಿಯಾದ ಮೇಲೆ ಬರುತ್ತಾರೆ ಎಂದೆ. ನಿಜ ಹೇಳಿದರೆ ಅದನ್ನೇ ಮಕ್ಕಳ ಲೆಕ್ಕ ನೋಡಲು ಬರುವ ಇಲಾಖೆಯ ಅಧಿಕಾರಿಯ ಮುಂದೆ ಒದರಿಬಿಡುತ್ತಾಳೆಂಬ ಭಯ. ಇವತ್ತು ಅವರು ಬಂದು ಅವಳನ್ನೇ ಕೇಳಿದರು. ಎದ್ದು ನಿಂತು, ‘ಪಾಪ, ಎಲ್ರಿಗೂ ಜ್ವರ ಸಾರ್’ ಎಂದಳು. ನನ್ನ ಮಾತನ್ನು ನಂಬಿಕೊಂಡೇ ಹೇಳಿದಳು. ಬರುವ ಸೋಮವಾರ ಈ ವರ್ಷದ ಮಕ್ಕಳ ಎಣಿಕೆ ಮುಗಿಯುತ್ತದೆ, ಅಲ್ಲಿಯವರೆಗೆ ಹಾಜರಿ ಪುಸ್ತಕದಿಂದ ಯಾರ ಹೆಸರೂ ಬಿಟ್ಟುಹೋಗದಂತೆ ನೋಡಿಕೊಳ್ಳಿ ಎಂದು ಹೇಳಿ ಅವರು ಹೊರಟರು.

ಗಂಟೆ ಹೊಡೆದ ಮೇಲೆ ನೋಡಿದರೆ, ಅವಳು ನಲ್ಲಿಯ ಹತ್ತಿರ ಕರವಸ್ತ್ರ ಒದ್ದೆ ಮಾಡುತ್ತಿದ್ದಳು. ‘ಅಮ್ಮ ಹೀಗೆ ಹಣೆ ಮೇಲೆ ಹಾಕಿದ್ರೆ ಜ್ವರ ಇಳಿಯತ್ತೆ. ಆ ಹಲ್ಲು ಬಿದ್ದೋಳ ಮನೆಗೆ ಕರ್ಕೊಂಡು ಹೋಗು ದೊಡ್ಡಮ್ಮ’ ಎಂದಳು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ನಾಳೆ ಹೋಗೋಣ ಎಂದೆ.

ಈ ಕಾಗದ ಕೈಸೇರಿದ ಕೂಡಲೇ ಬಂದು ಅವಳನ್ನು ಕರೆದುಕೊಂಡು ಹೋಗು. ಹಳೆಯ ಶಾಲೆಯವರು ಮತ್ತೆ ಸೇರಿಸಿಕೊಳ್ಳುತ್ತಾರೆ, ವಿಚಾರಿಸಿದ್ದೇನೆ. ನನ್ನ ತರಗತಿ ಹೋದರೆ ಹೋಗಲಿ. ಅದನ್ನು ಉಳಿಸಿಕೊಳ್ಳಲು ಮಗುವೊಂದನ್ನು ಖಾಲಿ ಕೋಣೆಯಲ್ಲಿ ಕೂರಿಸುವಷ್ಟು ಕಲ್ಲುಮನಸ್ಸು ನಿನ್ನ ಅಕ್ಕನದಲ್ಲ.

ಇಂತಿ,
ನಿನ್ನ ಮುಂದೆ ತಲೆ ಎತ್ತಲಾರದ
ಅಕ್ಕ

ತಾ.ಕ.: ಬರೆದದ್ದು ಗುರುವಾರವೇ. ಅಂಚೆಗೆ ಹಾಕುತ್ತಿರುವುದು ಇವತ್ತು, ಮಂಗಳವಾರ. ನಿನ್ನೆ ಎಣಿಕೆ ಮುಗಿಯಿತು, ತರಗತಿ ಉಳಿಯಿತು. ಅವಳು ಇವತ್ತೂ ಒಬ್ಬಳೇ ಕೂತಿದ್ದಾಳೆ.