ಡಿಸ್‌ಅಗ್ರೀ ಎನ್ನಲಾಗದ ಸಂಜೆ

ನನ್ನ ಇಂಗ್ಲಿಷ್ ಮೇಷ್ಟ್ರೇ,

ನೀವು ಹೋಗಿ ಮೂರು ತಿಂಗಳಾಯಿತು. ಈ ಪತ್ರದಲ್ಲೂ ತಪ್ಪು ಹುಡುಕದೆ ಬಿಡುವವರಲ್ಲ ನೀವು, ಗೊತ್ತು. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಕೆಂಪು ಪೆನ್ನಿಗೆ ಇಲ್ಲಿ ಅಷ್ಟು ಕೆಲಸವಿಲ್ಲ.

ಭದ್ರಾವತಿಯ ಹೈಸ್ಕೂಲಿನ ಆ ಶನಿವಾರಗಳು ನೆನಪಿವೆಯೇ? ಕೊನೆಯ ಪೀರಿಯಡ್‌ನಲ್ಲಿ ನೀವು ಬೇಕೆಂದೇ ಒಂದು ಹಸಿ ಸುಳ್ಳು ಹೇಳುತ್ತಿದ್ದಿರಿ. ನಮ್ಮೂರಲ್ಲಿ ಹರಿಯುವುದು ಕಾವೇರಿ ಎಂದು ಇಂಗ್ಲಿಷಿನಲ್ಲಿ ಗಂಭೀರವಾಗಿ ಹೇಳಿ ಕಾಯುತ್ತಿದ್ದಿರಿ. ನಾವು ಎದ್ದು "ಐ ಡಿಸ್‌ಅಗ್ರೀ ವಿತ್ ಯು, ಸರ್" ಎನ್ನಬೇಕು, ಕಾರಣ ಕೊಡಬೇಕು. ಭದ್ರಾ ಹೊಳೆಯಲ್ಲೇ ಈಜು ಕಲಿತವರೂ ಸೇರಿ ಇಡೀ ಕ್ಲಾಸು "ಯೆಸ್ ಸರ್" ಎಂದು ಕೂಗುತ್ತಿತ್ತು! ಮೇಷ್ಟ್ರಿಗೆ ಎದುರಾಡುವುದುಂಟೇ? ನೀವು ಹಣೆ ಚಚ್ಚಿಕೊಳ್ಳುತ್ತಿದ್ದಿರಿ.

"ಅದು ಬೈಗುಳ ಅಲ್ರೋ" ಎಂದು ನೀವು ಗೋಗರೆದದ್ದು ಈಗಲೂ ಕಿವಿಯಲ್ಲಿದೆ. "ರೆಫ್ಯೂಸ್ ಅಂದ್ರೆ ಬಾಗಿಲು ಹಾಕ್ಕೊಳ್ಳೋದು. ಡಿಸ್‌ಅಗ್ರೀ ಅಂದ್ರೆ ಒಳಗೆ ಕರೆದು, ಕೂರಿಸಿ, ನೀವು ಹೇಳಿದ್ದು ಸರಿಯಿಲ್ಲ ಅನ್ನೋದು." ಮನುಷ್ಯರಾದರೆ ಮುಂದೆ 'ವಿತ್', ವಿಷಯವಾದರೆ 'ಅಬೌಟ್'. ಹೊಟ್ಟೆಗೆ ಒಗ್ಗದ ತಿಂಡಿಗೂ ಅದೇ ಕ್ರಿಯಾಪದ. ಎಲ್ಲವನ್ನೂ ಉರು ಹೊಡೆದೆ, ಪೂರ್ತಿ ಅಂಕ ತೆಗೆದೆ. ಎದ್ದು ನಿಂತು ಹೇಳು ಎಂದಾಗ ಮಾತ್ರ ಬಾಯಿ ಕಟ್ಟಿಹೋಗುತ್ತಿತ್ತು. ಈಗ ಹೊಳೆಹೊನ್ನೂರಿನಲ್ಲಿ ನಾನೇ ಇಂಗ್ಲಿಷ್ ಟೀಚರ್. ಇದೇ ಪಾಠ ಮಾಡುವಾಗ ನಾಚಿಕೆಯಾಗುತ್ತದೆ.

ಕೊನೆಯ ಆ ಸಂಜೆ... ಪ್ರಶ್ನೆಪತ್ರಿಕೆ ತೋರಿಸಲು ರವೀಂದ್ರನಗರದ ನಿಮ್ಮ ಮನೆಗೆ ಬಂದಿದ್ದೆ. ನಿಮ್ಮ ಹೆಂಡತಿ ಶಾರದಮ್ಮನವರು ಕೋಟೆಯ ದೇವಸ್ಥಾನಕ್ಕೆ ಹೋಗಿದ್ದರು. ಫ್ಯಾನಿನ ಕೆಳಗೇ ಕೂತಿದ್ದರೂ ನಿಮ್ಮ ಬನಿಯನ್ ಒದ್ದೆಯಾಗಿತ್ತು. ಎದೆ ನೀವಿಕೊಳ್ಳುತ್ತಿದ್ದಿರಿ.

"ಆಸ್ಪತ್ರೆಗೆ ಹೋಗೋಣ್ವಾ ಸರ್? ಆಟೋ ಕರೀತೀನಿ."

"ಏನೂ ಬೇಡ ಮಾರಾಯ್ತಿ, ಗ್ಯಾಸು. ಮಧ್ಯಾಹ್ನ ತಿಂದ ಬೋಂಡ ಡಿಸ್‌ಅಗ್ರೀಸ್ ವಿತ್ ಮಿ" ಎಂದು ನಕ್ಕಿರಿ. "ನೀನು ಹೊರಡು, ಬಸ್ಸು ತಪ್ಪುತ್ತೆ."

"ಸರಿ ಸರ್" ಎಂದೆ.

ಅದು ಗ್ಯಾಸ್ ಅಲ್ಲ ಎಂದು ನನಗೆ ಅನ್ನಿಸಿತ್ತು. ನನ್ನ ಅಪ್ಪ ತೀರಿಕೊಂಡ ದಿನ ಹಾಗೆಯೇ ಬೆವೆತಿದ್ದನ್ನು ಕಂಡವಳು ನಾನು. ಆದರೂ ನಿಮ್ಮ ಮಾತು ಮೀರುವುದು ಹೇಗೆ ಎಂದು... ಚಪ್ಪಲಿ ಮೆಟ್ಟಿ ಹೊರಟೆ. ಬಸ್ಸು ಹೊಳೆಹೊನ್ನೂರು ಮುಟ್ಟುವ ಮೊದಲೇ ಫೋನ್ ಬಂತು. ನನ್ನಂಥ ದಡ್ಡಿಯನ್ನು ಒಳ್ಳೆಯ ವಿದ್ಯಾರ್ಥಿನಿ ಎಂದು ಯಾಕೆ ಹೊಗಳುತ್ತಿದ್ದಿರಿ?

ಹದಿಮೂರನೆಯ ದಿನದ ಊಟಕ್ಕೆ ಬಂದವರೆಲ್ಲ ಒಂದೇ ಮಾತು ಆಡಿದರು: "ನೋವಿಲ್ದೆ ಹೋದ್ರು, ಪುಣ್ಯವಂತ್ರು." ಬಡಿಸಿದ ಎಲೆಯ ಮುಂದೆ ಕೂತು ನಾನು ಅದಕ್ಕೂ ತಲೆಯಾಡಿಸಿದೆ. ಆಮೇಲೆ ನಿಮ್ಮ ಬೀದಿಗೆ ಕಾಲಿಡಲಿಲ್ಲ.

ನಿನ್ನೆ ಹೋದೆ. ಶಾರದಮ್ಮನವರ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಬೈಯಲಿ, ಇನ್ನು ಈ ಮನೆಗೆ ಬರಬೇಡ ಅನ್ನಲಿ ಎಂದು ತಯಾರಾಗಿದ್ದೆ. ಅವರು ನನ್ನ ಪಕ್ಕಕ್ಕೆ ಸರಿದು ಕೂತರು.

"ನಂಗೂ ಮಧ್ಯಾಹ್ನದಿಂದ ಗ್ಯಾಸು ಅಂತ್ಲೇ ಹೇಳಿದ್ರು ಕಣೇ. ನಾನಿವತ್ತು ದೇವಸ್ಥಾನಕ್ಕೆ ಹೋಗಲ್ಲ ಅಂತ ಬಾಯಿ ತುದಿಗೆ ಬಂದಿತ್ತು. ಏನೂ ಆಗಲ್ಲ, ಹೋಗಿ ಬಾ ಅಂದ್ರು. ನಲವತ್ತು ವರ್ಷದಲ್ಲಿ ಒಂದಿನ ಅವರಿಗೆ ಎದುರು ಹೇಳಿದೋಳಲ್ಲ. ಹೂಂ ಅಂದೆ, ಹೋದೆ."

ನಿಮಗೆ ತಲುಪದೆ ಉಳಿದ ಸುದ್ದಿ ಇದು. ಊರ ಮಕ್ಕಳಿಗೆಲ್ಲ "ಎದುರು ಹೇಳಿ, ಎದುರು ಹೇಳಿ" ಎಂದು ಗಂಟಲು ಹರಿದುಕೊಂಡವರು, ನಿಮ್ಮ ಮನೆಯ ಆ ಒಬ್ಬರಿಗೆ ಯಾಕೆ ಕಲಿಸಲಿಲ್ಲ ಸರ್? ಮೊದಲ ಸಲ ನಿಮ್ಮ ಮೇಲೆ ಸಿಟ್ಟು ಬಂದಿದೆ. ಕೂರಿಸಿ ಕೇಳೋಣವೆಂದರೆ ನೀವಿಲ್ಲ.